ಪಕ್ಕದ ಮಣೆ

ಎಸ್.ಎಸ್. ಬಡಾವಣೆಯ ನಮ್ಮ ಮನೆಗೆ ಸಂಜೆ ಮಾತಾಡಿಸಲು ಬರುವ ಚಿಕ್ಕ ವಯಸ್ಸಿನ ತಾಯಂದಿರು ನನ್ನನ್ನು ಒಂದೇ ಪ್ರಶ್ನೆ ಕೇಳುತ್ತಾರೆ. "ಟೀಚರ್, ಮಕ್ಕಳ ಹೋಂವರ್ಕಿಗೆ ನಾವು ಹೆಂಗೆ ಸಹಾಯ ಮಾಡಬೇಕ್ರಿ?" ರಿಟೈರಾದ ಟೀಚರು ಅಂದರೆ ಎಲ್ಲದಕ್ಕೂ ಒಂದು ಉಪದೇಶ ಸೆರಗಿನಲ್ಲಿ ಕಟ್ಟಿಕೊಂಡಿರುತ್ತಾಳೆ ಅಂತ ಅವರ ನಂಬಿಕೆ. "ಪಕ್ಕಕ್ಕ ಕುಂತು ಕೇಳ್ರಿ, ಸಾಕು" ಅನ್ನುತ್ತೇನೆ. ಇಷ್ಟಕ್ಕೆ ಈಕೆಯನ್ನು ಕೇಳಬೇಕಿತ್ತಾ ಅನ್ನುವ ಮುಖ ಮಾಡುತ್ತಾರೆ. ಪೂರ್ತಿ ಹೇಳಿದರೆ ಕುಡಿಯುತ್ತಿರುವ ಚಹಾ ಬಿಟ್ಟು ಎದ್ದು ಹೋದಾರು. ನನ್ನ ಹೋಂವರ್ಕು ನೋಡಿಕೊಂಡದ್ದು ಅಪ್ಪ ಅಲ್ಲ. ಅವ್ವನೇ ಅಂತ ಹೇಳಲೂ ನನಗೆ ಧೈರ್ಯವಿಲ್ಲ.

ನಮ್ಮದು ಮಂಡಕ್ಕಿ ಭಟ್ಟಿ ಇದ್ದ ಮನೆ. ದಾವಣಗೆರೆಯ ಹಳೇ ಊರಿನಲ್ಲಿ ಮುಂದೆ ಮನೆ, ಹಿಂದೆ ಭಟ್ಟಿ. ನೆನೆಸಿ ಒಣಗಿಸಿದ ಅಕ್ಕಿಯನ್ನು ಕಾದ ಮರಳಿನಲ್ಲಿ ಹುರಿದರೆ ಚಟಪಟ ಅಂತ ಅರಳಿ ಮಂಡಕ್ಕಿಯಾಗುತ್ತಿತ್ತು. ಒಲೆಗೆ ಭತ್ತದ ಹೊಟ್ಟು. ಅದರ ಹೊಗೆ ಎಷ್ಟೆಂದರೆ ನಮ್ಮ ಓಣಿಯಲ್ಲಿ ಸೂರ್ಯ ಮುಳುಗುವ ಮೊದಲೇ ಕತ್ತಲಾಗುತ್ತಿತ್ತು. ಒಗೆದ ಬಟ್ಟೆ, ಸೊಪ್ಪಿನ ಗಿಡ, ನಮ್ಮ ಮೂಗು, ಎಲ್ಲದರ ಮೇಲೂ ಮಸಿ. ಆಣೆ ಹೋಗಿ ನಯಾಪೈಸೆ ಬಂದ ಹೊಸತು. ನಾನು ನಾಲ್ಕನೇ ಕ್ಲಾಸು.

ಆಗ ಹೋಂವರ್ಕು ಅನ್ನುವ ಮಾತು ನಮಗೆ ಗೊತ್ತಿರಲಿಲ್ಲ. 'ಒಪ್ಪಿಸೋದು' ಅನ್ನುತ್ತಿದ್ದೆವು. ಮಗ್ಗಿಯೋ ಪದ್ಯವೋ, ಕೊಟ್ಟದ್ದನ್ನು ಸಂಜೆ ಮನೆಯಲ್ಲಿ ದೊಡ್ಡವರ ಮುಂದೆ ಕೂತು ಜೋರಾಗಿ ಹೇಳಬೇಕು. ಮರುದಿನ ಮೇಷ್ಟ್ರು ಮಗ್ಗಿ ಕೇಳುವ ಮೊದಲು, "ಮನ್ಯಾಗ ಯಾರಿಗೆ ಒಪ್ಪಿಸಿದಿ?" ಅಂತ ಕೇಳುತ್ತಿದ್ದರು. ಯಾರಿಗೂ ಇಲ್ಲ ಅಂದರೆ ಮಗ್ಗಿ ಬಂದರೂ ಏಟು ಬೀಳುತ್ತಿತ್ತು.

ನಾನು ಅವ್ವನಿಗೆ ಒಪ್ಪಿಸುತ್ತಿದ್ದೆ. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಹರಿಹರದಿಂದ ಹದಿನಾಲ್ಕು ತುಂಬುವ ಮೊದಲೇ ಸೊಸೆಯಾಗಿ ಬಂದವಳು, ಒಲೆ ಮುಂದೆ ಕೂತು ಜೋಳದ ರೊಟ್ಟಿ ತಟ್ಟುತ್ತಿದ್ದಳು. ಅಡುಗೆಮನೆ ಬಾಗಿಲಲ್ಲಿ ಮಣೆ ಹಾಕಿಕೊಂಡು ನಾನು ಮಗ್ಗಿ ಹೇಳುತ್ತಿದ್ದೆ. ಅವಳು ನನ್ನ ಕಡೆ ತಿರುಗುತ್ತಲೂ ಇರಲಿಲ್ಲ. ಆದರೆ ನಾನು ತಪ್ಪಿದ ಕ್ಷಣ ತಟ್ಟುವ ಸದ್ದು ನಿಲ್ಲುತ್ತಿತ್ತು. ಹನ್ನೆರಡು ಏಳ್ಲ ಎಂಬತ್ತಾರು ಅಂದೆನೋ, ಸದ್ದು ಬಂದ್. ಎಂಬತ್ನಾಲ್ಕು ಅಂದ ಮೇಲೆಯೇ ಮತ್ತೆ ತಪತಪ ಶುರು. "ನಿಂಗೆ ಹೆಂಗೆ ಗೊತ್ತಾಗುತ್ತವ್ವಾ?" ಅಂದರೆ, "ನಿನ್ನ ದನಿ ಎಡವುತ್ತಲ್ಲ" ಅನ್ನುತ್ತಿದ್ದಳು. ಹತ್ತು ವರ್ಷದವಳಿಗೆ ಅಷ್ಟು ಉತ್ತರ ಸಾಕಾಗಿತ್ತು.

ಅಪ್ಪನ ಸಹಾಯ ಅಂದರೆ ಲಾಟೀನಿನ ಗಾಜು ಒರೆಸಿ ನನ್ನ ಹತ್ತಿರ ತಂದಿಡುವುದು. ತನ್ನ ತಾಯಿಯ ಎದುರು ಅದಕ್ಕಿಂತ ದೊಡ್ಡ ಕೆಲಸ ಮಾಡುವ ಗುಂಡಿಗೆ ಆ ಮನುಷ್ಯನಿಗಿರಲಿಲ್ಲ, ಪಾಪ. ಮನೆಯಲ್ಲಿ ನಡೆಯುತ್ತಿದ್ದದ್ದು ಅಜ್ಜಿಯ ಮಾತು. ಹಣೆ ತುಂಬ ವಿಭೂತಿ, ಕೈಯಲ್ಲಿ ಯಾವಾಗಲೂ ಮೊರ. ಭಟ್ಟಿಯ ಆಳುಗಳು ಅವಳ ಕೆಮ್ಮಿಗೇ ಎದ್ದು ನಿಲ್ಲುತ್ತಿದ್ದರು.

ಪರೀಕ್ಷೆ ಹತ್ತಿರ ಬಂದಾಗ ಒಂದು ಬೆಳಿಗ್ಗೆ ಅಜ್ಜಿ ತೀರ್ಪು ಕೊಟ್ಟಳು. "ನಾಕನೆತ್ತೆ ಸಾಕು. ಇನ್ನ ಸಾಲಿ ಬ್ಯಾಡ. ಜರಡಿ ಹಿಡಿಯಾಕ ಕೈ ಸಾಲವಲ್ಲವು, ಇಕಿ ಅಲ್ಲಿ ಕುಂತು ಕಾಗಿ ಗುಬ್ಬಿ ಕಥಿ ಓದ್ತಾಳ."

ಅಪ್ಪ ಮೊರದಲ್ಲಿದ್ದ ಕಲ್ಲು ಆರಿಸತೊಡಗಿದ. ಅವ್ವ ತಲೆ ಮೇಲೆ ಸೆರಗು ಸರಿಮಾಡಿಕೊಂಡು, "ಅತ್ತಿ, ಇನ್ನೊಂದೆರಡು ವರ್ಷ..." ಅಂದಳು. ಅವಳು ಅಜ್ಜಿಗೆ ಎದುರಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅಜ್ಜಿ, "ನೀ ಓದಿದ್ದೇನು? ನಿನ್ನ ಸಂಸಾರ ನಡ್ಯವಲ್ದೇನು?" ಅಂದಳು. ಅವ್ವ ಒಳಗೆ ಹೋದಳು. ಸಂಜೆ ಮಗ್ಗಿ ಒಪ್ಪಿಸುವುದೂ ಇನ್ನು ಬೇಕಿಲ್ಲ ಅಂತ ಅಜ್ಜಿ ನನ್ನ ಮಣೆಯನ್ನು ಅಟ್ಟಕ್ಕೆಸೆದಳು. ನಾನು ಅತ್ತದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು. ಅಷ್ಟು ದಿನ ಯಾವಾಗ ಬಿಡಿಸುತ್ತಾರೋ ಅಂತ ಕಾದವಳು ನಾನೇ.

ಅವತ್ತು ಮುಸ್ಸಂಜೆ ನಾನು ಹಿತ್ತಲ ಕಟ್ಟೆಯ ಮೇಲೆ ಮುಖ ಊದಿಸಿಕೊಂಡು ಕೂತಿದ್ದೆ. ಹೊಗೆ ಇಳಿದು ಅಂಗಳವೆಲ್ಲ ಮಬ್ಬು. ಅಜ್ಜಿ ಮತ್ತು ಅಪ್ಪ ಪಡಸಾಲೆಯಲ್ಲಿ ಚೀಲ ಹೊಲಿಯುತ್ತಿದ್ದರು. ಒಳಗೆ ರೊಟ್ಟಿ ತಟ್ಟುವ ಸದ್ದು. ಆ ಸದ್ದು ನಿಂತಿತು. ನಾನು ಏನೂ ತಪ್ಪು ಹೇಳಿರಲಿಲ್ಲ, ಏನೂ ಹೇಳಿಯೇ ಇರಲಿಲ್ಲ. ಆಮೇಲೆ ಒಂದು ಹುಡುಗಿಯ ದನಿ ಅಡುಗೆಮನೆಯಿಂದ ಶುರುವಾಯಿತು.

"ಮುಕ್ಕಾಲೊಂದ್ಲ ಮುಕ್ಕಾಲು. ಮುಕ್ಕಾಲೆರಡ್ಲ ಒಂದೂವರೆ. ಮುಕ್ಕಾಲು ಮೂರ್ಲ ಎರಡೂಕಾಲು..."

ಅಜ್ಜಿ ಅಲ್ಲಿಂದಲೇ ಗದರಿದಳು. "ಏ ಹುಡುಗಿ, ಬ್ಯಾಡ ಅಂದಿಲ್ಲೇನು ನಿಂಗೆ?"

"ನಾನು ಇಲ್ಲಿದೀನಿ ಅಜ್ಜಿ" ಅಂದೆ, ಹಿತ್ತಲಿನಿಂದ.

ಅಜ್ಜಿಯ ಕೈಯಿಂದ ದಬ್ಬಣ ಬಿದ್ದ ಸದ್ದು ನನಗೆ ಕೇಳಿಸಿತು. ಮೂವರೂ ಅಡುಗೆಮನೆ ಬಾಗಿಲಿಗೆ ಬಂದೆವು. ಒಳಗೆ ಇದ್ದದ್ದು ಅವ್ವ ಒಬ್ಬಳೇ. ನಮಗೆ ಬೆನ್ನು, ಒಲೆಗೆ ಮುಖ. ಕೈಯಲ್ಲಿ ಹಿಟ್ಟಿನ ಉಂಡೆ ಹಾಗೇ ಇತ್ತು. ದನಿ ಅವಳ ಕಡೆಯಿಂದಲೇ ಬರುತ್ತಿತ್ತು. ಆದರೆ ಅದು ಅವ್ವನ ದನಿಯಲ್ಲ. ಅವ್ವನದು ತುಸು ಒಡಕು. ಇದು ಹಾಲುಹಲ್ಲು ಬಿದ್ದ ಹುಡುಗಿಯ ದನಿ, ಅಕ್ಷರಗಳ ನಡುವೆ ಗಾಳಿ ಸೋರುತ್ತಿತ್ತು. "ಮುಕ್ಕಾಲಾರ್ಲ ನಾಕೂವರೆ. ಮುಕ್ಕಾಲೇಳ್ಲ..." ಅಂತ ಹೇಳಿ ತಟ್ಟನೆ ನಿಂತಿತು. ಆಮೇಲೆ ರೊಟ್ಟಿ ತಟ್ಟುವ ಸದ್ದು.

"ಅವ್ವಾ" ಅಂದೆ. ಅವಳು ತಿರುಗಿ, "ಹಸಿವೇನೇ? ಒಂದು ರೊಟ್ಟಿ ತಡಿ" ಅಂದಳು. ತನ್ನದೇ ದನಿಯಲ್ಲಿ.

ಅಪ್ಪನ ಮುಖ ಮಾತ್ರ ಅಜ್ಜಿಗಿಂತ ಬಿಳಚಿತ್ತು. "ಯವ್ವಾ, ಅದು ಮುಕ್ಕಾಲು ಮಗ್ಗಿ. ನಾನು ಸಾಲಿಗೆ ಹೋಗೋವಾಗ ಇತ್ತು. ಈಗ ಹೇಳಿಕೊಡಾದಿಲ್ಲ" ಅಂದ. ನಿಜ. ಹೊಸ ಪೈಸೆ ಬಂದ ಮೇಲೆ ನಮ್ಮ ಮೇಷ್ಟ್ರು ಕಾಲು, ಮುಕ್ಕಾಲು ಮಗ್ಗಿಯನ್ನೆಲ್ಲ ಕೈಬಿಟ್ಟಿದ್ದರು. ನನ್ನ ಬಾಯಿಂದ ಅದು ಎಂದೂ ಬಂದಿರಲಿಲ್ಲ. ಓದು ಬಾರದ ಅವ್ವ ಅದನ್ನು ನನ್ನಿಂದ ಕೇಳಿ ಕಲಿತಿರಲು ಸಾಧ್ಯವಿರಲಿಲ್ಲ.

ಮರುದಿನ ಮುಸ್ಸಂಜೆಯೂ ಅದೇ ಆಯಿತು. ಅದರ ಮರುದಿನವೂ. ದೀಪ ಹಚ್ಚುವ ಹೊತ್ತಿಗೆ ಶುರು, ಮುಕ್ಕಾಲೇಳ್ಲ ಅನ್ನುವಲ್ಲಿಗೆ ಬಂದು ನಿಲ್ಲುವುದು. ಅಜ್ಜಿ ಬೇವಿನ ಸೊಪ್ಪು ಕಟ್ಟಿದಳು, ಒಲೆಗೆ ಮೆಣಸಿನಕಾಯಿ ಹಾಕಿದಳು, ನಾವೆಲ್ಲ ಕೆಮ್ಮಿ ಸಾಯುವಂತಾಯಿತೇ ಹೊರತು ದನಿಗೆ ಏನೂ ಆಗಲಿಲ್ಲ. ಕೊನೆಗೆ ಅಜ್ಜಿ, "ಅಮಾಸಿಗೆ ಉಕ್ಕಡಗಾತ್ರಿಗೆ ಕರ್ಕೊಂಡು ಹೋಗಾಣ. ಅಜ್ಜಯ್ಯನೇ ಬಿಡಿಸಬೇಕು" ಅಂದಳು. ನಮ್ಮ ಕಡೆ ಯಾರಿಗೆ ಏನು ಮೆಟ್ಟಿಕೊಂಡರೂ ಕೊನೆಗೆ ಹೋಗುವುದು ಅಲ್ಲಿನ ಅಜ್ಜಯ್ಯನ ಗದ್ದುಗೆಗೇ. ಅವ್ವ, "ಆಗ್ಲಿ ಅತ್ತಿ" ಅಂದಳು, ಸಂತೆಗೆ ಹೋಗೋಣ ಅಂದ ಹಾಗೆ.

ಹರಿಹರದ ತನಕ ರೈಲು, ಅಲ್ಲಿಂದ ಬಾಡಿಗೆ ಗಾಡಿ. ಮನೆಯಲ್ಲಿ ಬಿಡಲು ಯಾರೂ ಇಲ್ಲ ಅಂತ ನನ್ನನ್ನೂ ಎಳೆದುಕೊಂಡು ಹೋದರು. ಹರಿಹರ ಅವ್ವನ ತವರು. ಸೋದರಮಾವನ ಮನೆ ಸ್ಟೇಷನ್ನಿಗೆ ಹತ್ತಿರವೇ. ಆದರೆ ಅಜ್ಜಿ, "ಬೀಗರಿಗೆ ಗೊತ್ತಾದ್ರ ಮಾನ ಹೋಗುತ್ತ" ಅಂತ ಗಾಡಿಯನ್ನು ಬೇರೆ ದಾರಿ ಹಿಡಿಸಿದಳು. ಹೊಳೆ ಕಾಣುವ ತಿರುವಿನಲ್ಲಿ ಅವ್ವ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ಹೊಳೆ ಮರೆಯಾಗುವವರೆಗೂ ತೆಗೆಯಲಿಲ್ಲ. ನಾನು ಅವಳ ಕೈ ಹಿಡಿದುಕೊಂಡಿದ್ದೆ. ಅಂಥ ಬಿಸಿಲಿನಲ್ಲೂ ತಣ್ಣಗಿತ್ತು.

ಉಕ್ಕಡಗಾತ್ರಿಯಲ್ಲಿ ಅಮಾವಾಸ್ಯೆಯ ಜನ. ಹೊಳೆಯಲ್ಲಿ ಮಿಂದು ಒದ್ದೆ ಸೀರೆಯಲ್ಲೇ ಬಂದ ಹೆಂಗಸರು ಕೂದಲು ಬಿಚ್ಚಿ ತಲೆ ತಿರುಗಿಸುತ್ತಿದ್ದರು. ಒಬ್ಬಳು ಗಂಡು ದನಿಯಲ್ಲಿ ಬೈಯುತ್ತಿದ್ದಳು. ಒಬ್ಬ ಗಟ್ಟಿಮುಟ್ಟಾದ ಗಂಡಸು ಕೂಸಿನ ಹಾಗೆ ಅಳುತ್ತ ಉರುಳಾಡುತ್ತಿದ್ದ. ನಾನು ಅಪ್ಪನ ಪಂಚೆಗೆ ಮುಖ ಒತ್ತಿಕೊಂಡಿದ್ದೆ. ನಮ್ಮ ಸರದಿ ಬಂದಾಗ ಅವ್ವನನ್ನು ಗದ್ದುಗೆಯ ಮುಂದೆ ಬಿಟ್ಟರು. ಅವಳು ಕೂಗಲಿಲ್ಲ, ಕೂದಲು ಬಿಚ್ಚಲಿಲ್ಲ. ಒದ್ದೆ ಸೀರೆಯಲ್ಲಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಬೆನ್ನು ನೆಟ್ಟಗೆ ಮಾಡಿ, ಕೈ ಕಟ್ಟಿಕೊಂಡು ಕೂತಳು. ನಮ್ಮ ಶಾಲೆಯಲ್ಲಿ ಮೇಷ್ಟ್ರು ಒಳಗೆ ಬಂದಾಗ ನಾವು ಕೂರುತ್ತಿದ್ದದ್ದು ಹಾಗೆಯೇ. ಅಷ್ಟು ಅರಚಾಟದ ನಡುವೆ ಹಾಗೆ ಕೂತ ಅವಳನ್ನು ನೋಡಿ ನನಗೆ ಮಿಕ್ಕವರಿಗಿಂತ ಅವಳ ಭಯವೇ ಹೆಚ್ಚಾಯಿತು.

ಅಲ್ಲಿದ್ದ ಹಿರಿಯರೊಬ್ಬರು ವಿಭೂತಿ ಹಚ್ಚಿ ಕೇಳಿದರು. "ಯಾವೂರು ನಿಂದು?"

"ಹರಿಹರ." ಅದೇ ಎಳೆಯ ದನಿ.

"ಯಾಕ ಬಂದಿ ಈ ಹೆಣ್ಣುಮಗಳ ಮೈಮ್ಯಾಲ?"

"ಒಪ್ಪಿಸೋದು ಐತೆ."

"ಯಾರಿಗೆ?"

ಅವ್ವ ಕಟ್ಟಿದ್ದ ಕೈ ಬಿಚ್ಚಿ ಒಂದು ಬೆರಳನ್ನು ತನ್ನ ಎದೆಗೇ ತೋರಿಸಿದಳು. "ಇಕಿಗೆ."

ಅಜ್ಜಿ "ಶಿವಶಿವಾ" ಅಂದಳು. ಹಿರಿಯರು, "ಏನು ಕೊಟ್ರ ಹೋಗ್ತಿ?" ಅಂದರು.

"ಇಕಿ ಮಗಳ್ನ ಸಾಲಿ ಬಿಡಿಸಬ್ಯಾಡ್ರಿ. ಅಕಿ ಒಪ್ಪಿಸಾಕ ಕುಂತಾಗ ನಾನೂ ಪಕ್ಕಕ್ಕ ಕುಂತಿರ್ತೀನಿ, ಯಾರಿಗೂ ಏನೂ ಮಾಡಾದಿಲ್ಲ. ಬಿಡಿಸಿದ್ರ ಇಕಿ ಮೈಯಾಗೇ ಇರ್ತೀನಿ, ಹೊರಗ ಬರಾದಿಲ್ಲ."

ಅಜ್ಜಿ ವ್ಯಾಪಾರಸ್ಥರ ಮನೆ ಹೆಂಗಸು, ಅಲ್ಲೂ ಚೌಕಾಸಿ ಬಿಡಲಿಲ್ಲ. "ಎಲ್ಲೀತನಕ ಓದಿಸಬೇಕು ನಮ್ಮವ್ವಾ? ಐದನೆತ್ತೆ? ಆರು?"

"ಮುಗಿಯೋತನಕ."

ಆಗ ಅಪ್ಪ ಬಾಯಿಬಿಟ್ಟ. ಆಯುಷ್ಯದಲ್ಲಿ ಒಂದೇ ಸಲ ತನ್ನ ತಾಯಿಯನ್ನು ಕೇಳದೆ ಮಾತಾಡಿದ ಮನುಷ್ಯ. "ಆತು. ಓದಿಸ್ತೀನಿ" ಅಂದ. ಅವ್ವ ಅಲ್ಲೇ ಪಕ್ಕಕ್ಕೆ ವಾಲಿ ನಿದ್ದೆ ಹೋದಳು. ಗಾಡಿಯಲ್ಲಿ ಎಚ್ಚರವಾದಾಗ, "ದರ್ಶನ ಆತಾ?" ಅಂತ ನನ್ನನ್ನು ಕೇಳಿದಳು.

ಊರಿಗೆ ಬಂದ ಸಂಜೆಯೇ ಅಜ್ಜಿ ಅಟ್ಟದಿಂದ ನನ್ನ ಮಣೆ ಇಳಿಸಿದಳು. ಒರೆಸಿ ಹಾಕಿದಳು. ಅದರ ಪಕ್ಕಕ್ಕೆ ಇನ್ನೊಂದು ಮಣೆ ಹಾಕಿದಳು. ಆ ಮಣೆಯ ಮುಂದೆ ಒಂದು ಹಿಡಿ ಮಂಡಕ್ಕಿ, ಮೇಲೊಂದು ಚೂರು ಬೆಲ್ಲ. "ಒಪ್ಪಿಸು" ಅಂದಳು. ಅವತ್ತು ನನ್ನ ಬಾಯಿಂದ ಎರಡರ ಮಗ್ಗಿಯೂ ಸರಿಯಾಗಿ ಬರಲಿಲ್ಲ. ಒಲೆಯ ಬೆಳಕಿನಲ್ಲಿ ಖಾಲಿ ಮಣೆಯ ನೆರಳು ನನ್ನ ತೊಡೆಯವರೆಗೆ ಬರುತ್ತಿತ್ತು. ತಪ್ಪಿದಾಗ ರೊಟ್ಟಿಯ ಸದ್ದು ನಿಲ್ಲುತ್ತಿತ್ತು, ಮೊದಲಿನ ಹಾಗೆಯೇ. ಮೊದಲು ಅದು ಅವ್ವ ಕೇಳಿಸಿಕೊಳ್ಳುತ್ತಿದ್ದಾಳೆ ಅಂತ ಧೈರ್ಯ ಕೊಡುತ್ತಿತ್ತು. ಈಗ ಯಾರು ಕೇಳಿಸಿಕೊಳ್ಳುತ್ತಿದ್ದಾರೋ ಅಂತ ಕುತ್ತಿಗೆ ಬೆವರುತ್ತಿತ್ತು.

ಅಲ್ಲಿಂದ ಮುಂದೆ ದಾವಣಗೆರೆಯಲ್ಲಿ ನನ್ನಷ್ಟು ಕಟ್ಟುನಿಟ್ಟಾಗಿ ಹೋಂವರ್ಕು ಮಾಡಿದ ಹುಡುಗಿ ಇನ್ನೊಬ್ಬಳಿರಲಿಕ್ಕಿಲ್ಲ. ಮಾಡಿಸುತ್ತಿದ್ದವಳು ನನ್ನ ಶಾಲೆ ಬಿಡಿಸಲು ಹೊರಟಿದ್ದ ಅಜ್ಜಿಯೇ! ಹೊತ್ತು ಮುಣುಗಿತೆಂದರೆ ಬಂದ ನೆಂಟರನ್ನೂ, "ಹುಡುಗಿ ಒಪ್ಪಿಸಬೇಕು, ನೀವು ಏಳ್ರಿ" ಅಂತ ಎಬ್ಬಿಸುತ್ತಿದ್ದಳು. ಜ್ವರ ಬಂದು ಮಲಗಿದರೂ ಬಿಡದೆ, "ಒಂದು ಸಾಲರ ಅನ್ನವ್ವಾ, ನಿನ್ನ ಕಾಲಿಗೆ ಬೀಳ್ತೀನಿ" ಅಂತ ಗೋಗರೆಯುತ್ತಿದ್ದಳು. ಪ್ರತಿ ವರ್ಷ ಪಾಸಾದಾಗ ಮೆಲ್ಲಗೆ, "ಮುಗೀತೇನೆ?" ಅನ್ನುತ್ತಿದ್ದಳು. "ಇನ್ನೂ ಐತೆ ಅಜ್ಜಿ" ಅಂದರೆ ನಿಟ್ಟುಸಿರು ಬಿಟ್ಟು ಎರಡು ಮಣೆ ಒರೆಸಲು ಹೋಗುತ್ತಿದ್ದಳು. ಅದನ್ನು ನೆನೆದರೆ ನನಗೆ ಈಗಲೂ ನಗು ತಡೆಯುವುದಿಲ್ಲ.

ನಗು ನಿಲ್ಲುವುದು ಮಂಡಕ್ಕಿಯ ವಿಷಯಕ್ಕೆ. ಆ ಹಿಡಿ ಮಂಡಕ್ಕಿ ಬೆಳಿಗ್ಗೆ ಇರುತ್ತಿರಲಿಲ್ಲ. ಇಲಿ ಅಂದ ಅಪ್ಪ. ಇರಬಹುದು. ಭಟ್ಟಿಯ ಮನೆಯಲ್ಲಿ ಇಲಿಗೇನು ಬರ? ಆದರೆ ಇಲಿ ಬೆಲ್ಲವನ್ನೂ ಬಿಡುವುದಿಲ್ಲ. ನಮ್ಮ ಮನೆಯಲ್ಲಿ ಬೆಲ್ಲದ ಚೂರು ಹಾಗೇ ಇರುತ್ತಿತ್ತು.

ಆಮೇಲಾಮೇಲೆ ಓಣಿಯ ಹೆಂಗಸರು, "ನಿಮ್ಮವ್ವ ಭಾರಿ ಜಾಣಿ ಬಿಡು, ಮುದುಕೀನ ಹೆಂಗೆ ಬಗ್ಗಿಸಿದ್ಲು ನೋಡು" ಅಂತ ನಗುತ್ತಿದ್ದರು. ನಾನೂ ಎಷ್ಟೋ ಸಲ ಕೇಳಿದೆ. "ಅವ್ವಾ, ನಿಜ ಹೇಳು, ಅವತ್ತು ಗಾತ್ರಿಯಾಗ ಮಾತಾಡಿದ್ದು ನೀನ?" ಅವಳದು ಒಂದೇ ಉತ್ತರ. "ನಂಗೆ ನೀರಾಗ ಮುಳುಗಿದ್ದೊಂದು ನೆನಪೈತೆ. ಆಮ್ಯಾಲೆ ಗಾಡಿ." ಸುಳ್ಳು ಹೇಳಿದರೆ ಕಿವಿ ಕೆಂಪಾಗುವ ಹೆಂಗಸು ಅವಳು. ಕಿವಿ ಕೆಂಪಾಗುತ್ತಿರಲಿಲ್ಲ.

ಹೈಸ್ಕೂಲಿನಲ್ಲಿದ್ದಾಗ ಒಂದು ಬೇಸಿಗೆ ರಜೆಗೆ ಹರಿಹರದ ಸೋದರಮಾವನ ಮನೆಗೆ ಹೋಗಿದ್ದೆ. ಮಾವನಿಗೆ ಉಕ್ಕಡಗಾತ್ರಿಯ ಸುದ್ದಿ ಗೊತ್ತಿರಲಿಲ್ಲ. ಅಜ್ಜಿ ಬೀಗರ ಮಟ್ಟಿಗೆ ಅಷ್ಟು ಗುಟ್ಟಾಗಿಟ್ಟಿದ್ದಳು. ಒಂದು ಸಂಜೆ ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದಾಗ, ಸುಮ್ಮನೆ ಬಾಯಿಗೆ ಬಂತು ಅಂತ ನಾನು "ಮುಕ್ಕಾಲೊಂದ್ಲ ಮುಕ್ಕಾಲು" ಅಂದೆ. ಮಾವ ಬೆಚ್ಚಿ ನನ್ನ ಕಡೆ ತಿರುಗಿದ.

"ನಿಮ್ಮವ್ವ ಹೇಳಿದ್ಲೇನು, ದೊಡ್ಡವ್ವನ ವಿಷಯ?"

"ಯಾವ ದೊಡ್ಡವ್ವ?"

ಆಗ ಮಾವ ಹೇಳಿದ. ಅವ್ವನಿಗಿಂತ ದೊಡ್ಡವಳು ಒಬ್ಬಳಿದ್ದಳು. ಮನೆಯಲ್ಲಿ ಶಾಲೆಗೆ ಕಳಿಸಿದ್ದು ಅವಳೊಬ್ಬಳನ್ನೇ. ಕೂಸುಗಳನ್ನು ಎತ್ತಿಕೊಳ್ಳಲು, ಒಲೆ ಕಾಯಲು ಚಿಕ್ಕವಳಾದ ಅವ್ವ ಉಳಿದಳು. ದೊಡ್ಡವಳು ಸಂಜೆ ಬಂದು ಒಲೆ ಮುಂದೆ ಕೂತ ತಂಗಿಗೇ ಎಲ್ಲ ಒಪ್ಪಿಸುತ್ತಿದ್ದಳಂತೆ, ಮನೆಯಲ್ಲಿ ಕೇಳುವ ಪುರುಸೊತ್ತು ಬೇರೆ ಯಾರಿಗೂ ಇರಲಿಲ್ಲ.

"ಅವತ್ತು ಮುಕ್ಕಾಲು ಮಗ್ಗಿ ಒಪ್ಪಿಸ್ತಾ ಇದ್ಲು. ಏಳ್ರತ್ರ ಬಂದು ತಡವರಿಸಿದ್ಲು. ಸ್ಲೇಟು ತೊಳಕೊಂಡು ಬರ್ತೀನಿ, ಉಳಿದದ್ದು ಬಂದು ಒಪ್ಪಿಸ್ತೀನಿ ಅಂತ ಇದೇ ಮೆಟ್ಲು ಇಳಿದ್ಲು." ಮಾವ ಕೆಳಗಿನ ಪಾಚಿಗಟ್ಟಿದ ಕಲ್ಲು ತೋರಿಸಿದ. "ಸ್ಲೇಟು ಸಿಕ್ತು. ನಿಮ್ಮವ್ವ ವರ್ಷಗಟ್ಟಲೆ ದೀಪ ಹಚ್ಚೋ ಹೊತ್ತಿಗೆ ಬಾಗಿಲ ಕಡೆ ಮುಖ ಮಾಡಿ ಕುಂತಿರ್ತಿದ್ಲು. ಉಳಿದದ್ದು ಒಪ್ಪಿಸಾಕ ಬರ್ತಾಳ ಅಂತ."

ದೊಡ್ಡವ್ವ ಅಂತ ಕರೆಯಬೇಕಾದವಳು ನನಗಿಂತ ಚಿಕ್ಕವಳು. ಹಲ್ಲು ಬಿದ್ದಿತ್ತೇ ಅಂತ ಮಾವನನ್ನು ಕೇಳಬೇಕೆನಿಸಿತು. ಕೇಳಲಿಲ್ಲ. ಹೌದು ಅಂದುಬಿಟ್ಟರೆ ನಾನು ಮತ್ತೆ ಆ ಮಣೆಯ ಪಕ್ಕ ಕೂರುವುದು ಹೇಗೆ? ಆದರೆ ವಿಚಿತ್ರ ನೋಡಿ, ಊರಿಗೆ ಮರಳಿದ ಮೇಲೆ ಭಯ ಹೋಯಿತು. ಒಪ್ಪಿಸುವಾಗ ಖಾಲಿ ಮಣೆಗೆ ಮೊಣಕಾಲು ತಾಗಿಸಿಕೊಂಡೇ ಕೂರತೊಡಗಿದೆ.

ಟೀಚರ್ಸ್ ಟ್ರೇನಿಂಗ್ ಪಾಸಾಗಿ, ಹರಿಹರದ ಒಂದು ಶಾಲೆಗೆ ಕೆಲಸದ ಆರ್ಡರು ಬಂದ ದಿನ ಓಣಿಗೆಲ್ಲ ಮಂಡಕ್ಕಿ ಮೆಣಸಿನಕಾಯಿ ಹಂಚಿದೆವು. ಅಜ್ಜಿಗೆ ಆಗಲೇ ಕಣ್ಣು ಮಂಜು, ನಡು ಬಗ್ಗಿತ್ತು. ಸಂಜೆ ತಡವರಿಸಿಕೊಂಡು ಬಂದು ಎರಡು ಮಣೆ ಹಾಕಿ ಗೋಡೆಗೊರಗಿ ಕೂತಳು.

"ಮುಗೀತೇನೆ?"

"ಮುಗೀತು ಅಜ್ಜಿ. ಇನ್ನ ಓದೋದಿಲ್ಲ. ಇನ್ನ ಓದಿಸೋದು."

ಅಜ್ಜಿ ಎರಡೂ ಕೈ ಎತ್ತಿ ಅಜ್ಜಯ್ಯನಿಗೆ ಮುಗಿದಳು. ಆಮೇಲೆ ಖಾಲಿ ಮಣೆಯ ಕಡೆ ಗಲ್ಲ ತೋರಿಸಿ, "ಹಂಗಂತ ಅಕಿಗೆ ಹೇಳಿಬಿಡು. ಹೋಗ್ಲಿ ಪಾಪ. ನನ್ನ ಸೊಸಿ ಮೈ ಹಗುರಾಗ್ಲಿ" ಅಂದಳು. ಅವಳ ಕಣ್ಣಲ್ಲಿ ನೀರಿತ್ತು. ಸೊಸೆಯ ಸಲುವಾಗಿ ಅಜ್ಜಿ ಅತ್ತದ್ದನ್ನು ನಾನು ಮೊದಲ ಸಲ ನೋಡಿದ್ದು.

ನಾನು ಮಣೆಯ ಕಡೆ ತಿರುಗಿದೆ. "ಮುಗೀತು" ಅಂದೆ. "ಎಲ್ಲಾ ಓದಿದ್ದಾತು."

ಒಳಗೆ ರೊಟ್ಟಿ ತಟ್ಟುವ ಸದ್ದು ನಿಂತಿತು. ಅವ್ವ ಒಲೆಗೆ ಮುಖ ಮಾಡಿ, ನಮಗೆ ಬೆನ್ನು ಕೊಟ್ಟು ಕೂತಿದ್ದಳು. ತಲೆಯಲ್ಲಿ ಆಗಲೇ ಬಿಳಿ ಕೂದಲು. ಉಕ್ಕಡಗಾತ್ರಿಯ ನಂತರ ಕೇಳಿಸದಿದ್ದ ಆ ದನಿ, ಒಂದಿಷ್ಟೂ ದೊಡ್ಡದಾಗದ ಆ ದನಿ ಬಂತು.

"ಹಂಗಾದ್ರ ನಾನು ಹೋಗ್ಲಾ?"

ಅಜ್ಜಿ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. 'ಹೋಗು ಅನ್ನು' ಅಂತ ಅವಳ ತುಟಿ ಆಡುತ್ತಿತ್ತು. ಅವ್ವನ ಬೆನ್ನು ನಡುಗುತ್ತಿತ್ತು. ಹೆದರಿಕೆಯಲ್ಲ ಅದು, ಅಳುವನ್ನು ತಡೆಹಿಡಿದಾಗ ಬೆನ್ನು ಹೇಗಾಗುತ್ತದೆ ಅಂತ ನನಗೆ ಗೊತ್ತು. ಬಾಗಿಲ ಕಡೆ ಮುಖ ಮಾಡಿ ವರ್ಷಗಟ್ಟಲೆ ಕಾದಿದ್ದ ಆ ಚಿಕ್ಕ ತಂಗಿಯ ಅಕ್ಕನಿಗೆ ಹೋಗು ಅನ್ನಲು ನಾನು ಯಾರು?

"ಬ್ಯಾಡ, ಕೂಡ್ರು" ಅಂದೆ. "ಇನ್ನೂ ಒಂದು ಐತೆ."

ಮಣೆಯ ಮೇಲೆ ಸರಿಯಾಗಿ ಕೂತು ಮುಕ್ಕಾಲು ಮಗ್ಗಿ ಶುರು ಮಾಡಿದೆ. ಒಂದೂವರೆ, ಎರಡೂಕಾಲು, ಮೂರು, ಮೂರೂಮುಕ್ಕಾಲು. ಮುಕ್ಕಾಲಾರ್ಲ ನಾಕೂವರೆ ಅಂದೆ. ಮುಂದಿನದೂ ಗೊತ್ತಿತ್ತು ನನಗೆ, ಐದೂಕಾಲು, ನಾಲಿಗೆಯ ತುದಿಯಲ್ಲೇ ಇತ್ತು. ಹೇಳಲಿಲ್ಲ.

"ಉಳಿದದ್ದು ನಾಳೆ ಒಪ್ಪಿಸ್ತೀನಿ" ಅಂದೆ.

ಆಮೇಲೆ ಅವ್ವ ರೊಟ್ಟಿ ತಟ್ಟತೊಡಗಿದಳು.